ಕೆತ್ತಿದವನ ಹೆಸರು, ಕಂಡವನ ಹೆಸರು

ಸತ್ಕಾರ್ಯವನ್ನು ಮಾಡುವುದು ಕಷ್ಟ. ಮಾಡಿದ ಮೇಲೆ ‘ನಾನು ಮಾಡಿದೆನು’ ಎಂಬ ಮಾತನ್ನು ನುಂಗಿಕೊಳ್ಳುವುದು ಅದಕ್ಕಿಂತಲೂ ಕಷ್ಟ. ಈ ಎರಡನೆಯ ಕಷ್ಟವನ್ನು ಕಲ್ಲಿನಲ್ಲಿಯೇ ಕಾಣಬಯಸುವವರು ವ್ಯಾಟಿಕನ್ನಿನಲ್ಲಿರುವ ಸಂತ ಪೀಟರನ ಮಹಾಮಂದಿರವನ್ನು ಹೊಗಬೇಕು.

ಒಳಹೊಕ್ಕೊಡನೆ ಬಲಗಡೆಯ ಮೊದಲನೆಯ ಅಂಕಣದಲ್ಲಿ ಮೈಕೆಲೇಂಜೆಲೊವಿನ ‘ಪಿಯೆಟಾ’ ಇರುವುದು. ಶಿಲುಬೆಯಿಂದಿಳಿಸಿದ ಯೇಸುವಿನ ದೇಹವನ್ನು ತಾಯಿ ಮರಿಯಳು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾಳೆ. ಕರಾರಾ ಗಣಿಯ ಬಿಳಿಯ ಅಮೃತಶಿಲೆ. ಎತ್ತರ 174 ಸೆಂಟಿಮೀಟರ್. ಫ್ರಾನ್ಸ್ ದೇಶದ ಕಾರ್ಡಿನಲ್ ಒಬ್ಬನ ಅಪೇಕ್ಷೆಯಂತೆ ಇದನ್ನು ಕೆತ್ತಿ 1499ರಲ್ಲಿ ಮುಗಿಸಿದಾಗ ಶಿಲ್ಪಿಗೆ ಇಪ್ಪತ್ತನಾಲ್ಕರ ಪ್ರಾಯ. ತಾಯಿಯ ಮುಖದಲ್ಲಿ ಆರ್ತನಾದವಿಲ್ಲ. ಬಾಗಿದ ನೋಟ, ಬರಿದೆ ತೆರೆದ ಎಡಗೈ, ಇಷ್ಟೇ. ಚಿತ್ರಪಟದಲ್ಲಿ ನೂರು ಸಲ ಕಂಡವನೂ ಎದುರು ನಿಂತಾಗ ಮಾತು ಮರೆಯುವನು.

ಆ ತಾಯಿಯ ಎದೆಯ ಮೇಲೆ ಹಾದುಹೋಗುವ ಪಟ್ಟಿಯಲ್ಲಿ ಶಿಲ್ಪಿಯು ತನ್ನ ಹೆಸರನ್ನು ಕೆತ್ತಿದ್ದಾನೆ. ಯಾತ್ರಿಕರು ಇದನ್ನು ಮಿಲಾನಿನ ಬೇರೊಬ್ಬ ಶಿಲ್ಪಿಯ ಕೃತಿಯೆಂದು ಹೊಗಳುತ್ತಿದ್ದುದನ್ನು ಕೇಳಿ, ರಾತ್ರಿ ದೀಪ ಹಿಡಿದು ಬಂದು ಕೆತ್ತಿದನೆಂದು ಅವನ ಚರಿತ್ರೆಯನ್ನು ಬರೆದ ವಸಾರಿ ಹೇಳುತ್ತಾನೆ. ಅವನು ಹೆಸರು ಕೆತ್ತಿದ ಶಿಲ್ಪ ಇದೊಂದೇ.

ಇದು ತಪ್ಪೆ? ದುಡಿದವನ ಹೆಸರು ದುಡಿದವನಿಗೆ ಸಲ್ಲುವುದು ನ್ಯಾಯ. ಪರರ ದುಡಿಮೆಯನ್ನು ಮತ್ತೊಬ್ಬನ ಲೆಕ್ಕಕ್ಕೆ ಬರೆಯುವುದು ಸುಳ್ಳು. ಸುಳ್ಳನ್ನು ತಿದ್ದುವುದು ಅಹಂಕಾರವಲ್ಲ. ಆದರೆ ಆ ಹೆಸರಿಗೆ ದೊರೆತ ಸ್ಥಳವು ವಿಚಾರಣೀಯ. ಪೀಠದ ಬುಡದಲ್ಲಿ ಕೆತ್ತಿದ್ದರೆ ಸತ್ಯಕ್ಕೆ ಸಾಕಾಗುತ್ತಿತ್ತು. ಪುತ್ರಶೋಕದ ಎದೆಯ ಮೇಲೆ ಕೆತ್ತಿದುದು ಹೊಗಳಿಕೆಯ ಹಸಿವು. ಆದರೂ ಆ ಬರಹದಲ್ಲಿ ಒಂದು ವಿನಯವಿದೆ: ‘ಮಾಡಿದನು’ ಎಂದಲ್ಲ, ‘ಮಾಡುತ್ತಿದ್ದನು’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ ಅಲ್ಲಿದೆ. ಕೆಲಸ ಮುಗಿಯಿತೆಂದು ಹೇಳಲು ಅವನ ಉಳಿ ಒಪ್ಪಲಿಲ್ಲ.

ಶಿಲ್ಪಿಯನ್ನು ತೂಗುವ ತಕ್ಕಡಿಯಲ್ಲಿ ನೋಡುವವನೂ ಕುಳಿತುಕೊಳ್ಳಬೇಡವೆ? 1972ರಲ್ಲಿ ಒಬ್ಬನು ಸುತ್ತಿಗೆಯಿಂದ ಹೊಡೆದು ಮರಿಯಳ ಎಡಗೈಯನ್ನೂ ಮೂಗನ್ನೂ ಮುರಿದನು. ಅದನ್ನು ಸರಿಪಡಿಸಿದ ಬಳಿಕ ವಿಗ್ರಹವು ಗಾಜಿನ ಹಿಂದಿದೆ. ಸಾವಿರಾರು ಮೈಲಿ ದಾಟಿ ಬಂದ ಪ್ರವಾಸಿಯು ಆ ಗಾಜಿನ ಮುಂದೆ ನಿಂತು, ತಾಯಿಗೆ ಬೆನ್ನು ತಿರುಗಿಸಿ, ತನ್ನ ಮುಖದ ಚಿತ್ರವನ್ನೇ ತೆಗೆದುಕೊಳ್ಳುತ್ತಾನೆ. ‘ನಾನು ಕಂಡೆನು’ ಎಂಬುದೂ ಆ ಎದೆಯ ಮೇಲೆ ಕೆತ್ತಿದ ಇನ್ನೊಂದು ಹೆಸರೇ. ಶಿಲ್ಪಿಯಾದರೋ ದುಡಿದು ಕೆತ್ತಿದನು. ಇವನು ನೋಡದೆಯೇ ಕೆತ್ತುತ್ತಾನೆ.

ಮೈಕೆಲೇಂಜೆಲೊ ಇಳಿವಯಸ್ಸಿನಲ್ಲಿ ಇದೇ ತಾಯಿಮಕ್ಕಳನ್ನು ಮರಳಿ ಕೆತ್ತತೊಡಗಿದನು. 1564ರಲ್ಲಿ, ಎಂಬತ್ತೆಂಟನೆಯ ವಯಸ್ಸಿನಲ್ಲಿ, ಸಾವಿಗೆ ಕೆಲವೇ ದಿನಗಳ ಮುಂಚಿನವರೆಗೂ ಅದರ ಮೇಲೆ ಉಳಿ ಆಡಿಸುತ್ತಿದ್ದನು. ಮಿಲಾನಿನ ಸ್ಫೋರ್ಜಾ ಕೋಟೆಯಲ್ಲಿರುವ ಆ ಶಿಲೆಯಲ್ಲಿ ಮೊದಲಿನ ನುಣುಪಿಲ್ಲ. ತಾಯಿ ಯಾರು, ಮಗ ಯಾರು ಎಂಬಂತೆ ಎರಡು ದೇಹಗಳು ಒಂದರೊಳಗೊಂದು ಕರಗಿವೆ. ಹಳೆಯ ರೂಪದಿಂದ ಉಳಿದ ತೋಳೊಂದು ಬೇರೆಯಾಗಿಯೇ ನಿಂತಿದೆ. ಹೆಸರು ಇಲ್ಲ.

ಹೆಸರಿಲ್ಲದಿದ್ದರೂ ಅದು ಯಾರದೆಂದು ಲೋಕವು ಬಲ್ಲದು. ಮನೆಯಲ್ಲಾಗಲಿ, ಹೊಲದಲ್ಲಾಗಲಿ, ದಾನದಲ್ಲಾಗಲಿ, ಮಾಡಿದವನು ಹಿಂದೆ ಸರಿದಾಗಲೇ ಮಾಡಿದ್ದು ಮುಂದೆ ಬರುವುದು. ನೋಡುವವನು ಹಿಂದೆ ಸರಿದಾಗಲೇ ನೋಟ ನಿಜವಾಗುವುದು.