ಕಾಗೆಯ ಕಣ್ಣು

ಹಳಗನ್ನಡವನ್ನೂ ವ್ಯಾಕರಣವನ್ನೂ ಕಲಿಸುವ ಮೇಷ್ಟರಿಗೆ ಕಾಗೆಯ ಸಹವಾಸ ತಪ್ಪಿದ್ದಲ್ಲ. ವರ್ಷಕ್ಕೊಮ್ಮೆಯಾದರೂ ತರಗತಿಯಲ್ಲಿ ನಾನು ಎರಡು ನ್ಯಾಯಗಳನ್ನು ವಿವರಿಸಬೇಕಾಗುತ್ತದೆ. ಒಂದು, ಕಾಕತಾಳೀಯ ನ್ಯಾಯ. ಕಾಗೆ ಬಂದು ತಾಳೆಯ ಮರದ ಮೇಲೆ ಕೂತಿತು, ಹಣ್ಣು ಉದುರಿತು. ಒಂದಕ್ಕೊಂದು ಸಂಬಂಧವಿಲ್ಲ, ಎರಡೂ ಒಂದೇ ಗಳಿಗೆಯಲ್ಲಿ ನಡೆದುವು, ಅಷ್ಟೆ. ಇನ್ನೊಂದು, ಕಾಕಾಕ್ಷಿಗೋಲಕ ನ್ಯಾಯ. ಕಾಗೆಗೆ ಇರುವುದು ಒಂದೇ ಕಣ್ಣುಗುಡ್ಡೆ, ಬೇಕಾದಾಗ ಅದು ಎಡಕ್ಕೂ ಬಲಕ್ಕೂ ಹೊರಳುತ್ತದೆ ಎಂದು ಹಿಂದಿನವರು ನಂಬಿದ್ದರು. ಒಂದೇ ಮಾತು ಎರಡು ಕಡೆಗೂ ಅನ್ವಯವಾಗುವುದನ್ನು ಈ ಹೆಸರಿನಿಂದ ಕರೆದರು. ಕಾಗೆಗೆ ನಿಜವಾಗಿ ಎರಡು ಕಣ್ಣುಗಳಿವೆ, ಅವು ತಲೆಯ ಎರಡು ಪಕ್ಕದಲ್ಲಿರುವುದರಿಂದ ಕತ್ತು ಕೊಂಕಿಸಿ ಒಂದೊಂದರಿಂದ ನೋಡುತ್ತದೆ ಎಂದು ಹುಡುಗರಿಗೆ ಹೇಳಿ, ನಕ್ಕು, ಮುಂದಿನ ಪಾಠಕ್ಕೆ ಹೋಗುವುದು ನನ್ನ ರೂಢಿ. ಈ ಎರಡು ನ್ಯಾಯಗಳ ನಡುವೆ ನಾನೇ ಒಂದು ದಿನ ಸಿಕ್ಕಿಬಿದ್ದೇನೆಂದು ಎಣಿಸಿರಲಿಲ್ಲ.

ನಮ್ಮ ತಂದೆ ಹಾಸನದ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು. ಊಟಕ್ಕೆ ಕೂರುವ ಮುನ್ನ ಒಂದು ಹಿಡಿ ಅನ್ನವನ್ನು ಹಿತ್ತಿಲ ಗೋಡೆಯ ಮೇಲಿಟ್ಟು ಬರುವುದು ಅವರ ಪದ್ಧತಿ. ಮಂತ್ರವಿಲ್ಲ, ಆಡಂಬರವಿಲ್ಲ. ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕಾಗೆ ಇಳಿಯುವುದನ್ನು ನೋಡಿ ಒಳಗೆ ಬರುತ್ತಿದ್ದರು. ಕೊನೆಯ ಕಾಲದಲ್ಲಿ ನಾನು ಅವರನ್ನು ಮೈಸೂರಿಗೆ ಕರೆತಂದೆ. ಇಲ್ಲಿ ಹಿತ್ತಿಲಿಲ್ಲ, ತಾರಸಿಯ ಮೋಟುಗೋಡೆಯೇ ಹಿತ್ತಿಲಾಯಿತು. ಒಂದು ವಾರ ಕಳೆಯುವಷ್ಟರಲ್ಲಿ ಹತ್ತಾರು ಕಾಗೆಗಳು. ಒಗೆದ ಬಟ್ಟೆಯ ಮೇಲೆ ಹಿಕ್ಕೆ, ಪಕ್ಕದ ಮನೆಯವರ ಗೊಣಗಾಟ. "ಇದು ಹಳ್ಳಿಯಲ್ಲಪ್ಪಾ, ಇದೆಲ್ಲ ಇಲ್ಲಿ ಬೇಡ" ಎಂದೆ. "ಹಾಗೇ ಆಗಲಿ ಮಗು" ಎಂದರು. ಮಾರನೆಯ ದಿನದಿಂದ ಇಡಲಿಲ್ಲ. ಆ ಮಾತನ್ನು ಅವರು ಮತ್ತೆ ಎತ್ತಲೂ ಇಲ್ಲ. ಐದು ತಿಂಗಳಿಗೆ, ಜ್ಯೇಷ್ಠಮಾಸದಲ್ಲಿ, ತೀರಿಕೊಂಡರು. ಅಂದಿನಿಂದ ವರ್ಷಕ್ಕೊಮ್ಮೆ ಅದೇ ಮೋಟುಗೋಡೆಯ ಮೇಲೆ ನಾನೇ ವಾಯಸಪಿಂಡವನ್ನಿಟ್ಟು ಕೈಮುಗಿದು, 'ಕಾ, ಕಾ' ಎಂದು ಕರೆಯುತ್ತೇನೆ. ಇದರಲ್ಲಿ ಏನೋ ವಿಪರ್ಯಾಸವಿದೆಯೆಂದು ನಾಲ್ಕು ವರ್ಷ ನನಗೆ ಹೊಳೆಯಲೇ ಇಲ್ಲ.

ಮೂರು ವರ್ಷದ ಹಿಂದೆ, ವೈಶಾಖದಲ್ಲಿ, ಮನೆಯ ಮುಂದಿನ ಮಾವಿನ ಮರದಲ್ಲಿ ಕಾಗೆಗಳು ಗೂಡು ಕಟ್ಟಿದುವು. ಮರಿಯಾದ ಮೇಲೆ, ಬಟ್ಟೆ ಒಣಹಾಕಲು ಹೋದ ನನ್ನ ಮಗಳ ತಲೆಗೆ ಒಂದು ಕಾಗೆ ರಭಸದಿಂದ ಬಂದು ಬಡಿಯಿತು. ಅದೇ ವಾರ ತೆಂಗಿನಕಾಯಿ ಕೀಳುವವನು ಬಂದಿದ್ದ; ಅವನನ್ನು ಮರ ಹತ್ತಿಸಿ, ಕೆಳಗೆ ನಿಂತು ಬೆರಳು ತೋರಿಸಿ, ಗೂಡನ್ನು ಇಳಿಸಿಕೊಂಡೆ. ಕಡ್ಡಿಗಳ ಜೊತೆಗೆ ತಂತಿಯ ಚೂರುಗಳನ್ನು ಹೆಣೆದ ಗೂಡು. ಒಳಗೆ ರೆಕ್ಕೆ ಬಲಿಯದ ಮೂರು ಮರಿಗಳು. ಅದನ್ನು ನಾನೇ ಕೈಯಲ್ಲಿ ಹಿಡಿದು ಬೀದಿಯ ಕೊನೆಯ ಖಾಲಿ ನಿವೇಶನದಲ್ಲಿಟ್ಟು ಬಂದೆ. ಮರುದಿನ ಗೂಡು ಇತ್ತು, ಮರಿಗಳಿರಲಿಲ್ಲ. ಬೆಕ್ಕಿನ ಕೆಲಸವಿರಬೇಕು ಎಂದುಕೊಂಡೆ. ಹಾಗೆಂದುಕೊಳ್ಳುವುದರಲ್ಲಿ ಒಂದು ಸೌಕರ್ಯವಿದೆ.

ಅಂದಿನಿಂದ ನಾನು ಬಾಗಿಲು ದಾಟಿದರೆ ಸಾಕು, ಆ ಜೋಡಿ ಕೂಗಲು ಪ್ರಾರಂಭಿಸುತ್ತಿತ್ತು. ನನ್ನ ಹೆಂಡತಿ ಹೊರಬಂದರೆ ಸದ್ದಿಲ್ಲ; ಹಾಲಿನವನು ಬಂದರೆ ಸದ್ದಿಲ್ಲ. ನನ್ನನ್ನು ಕಂಡರೆ ಮಾತ್ರ ಬೀದಿಯ ತಿರುವಿನವರೆಗೆ ತಂತಿಯಿಂದ ತಂತಿಗೆ ಹಾರುತ್ತ ಬೈದು ಕಳಿಸುತ್ತಿದ್ದುವು. ಮೋಡ ಮುಚ್ಚಿದ ದಿನವೂ ನಾನು ಛತ್ರಿ ಬಿಚ್ಚಿಕೊಂಡು ಕಾಲೇಜಿಗೆ ಹೋಗುವುದನ್ನು ಕಂಡು ನೆರೆಯವರು ನಕ್ಕರು.

ಅಷ್ಟರಲ್ಲಿ ತಂದೆಯ ತಿಥಿ ಬಂತು. ಪಿಂಡವನ್ನಿಟ್ಟು ಕರೆದೆ. ಎದುರು ಮನೆಯ ನೀರಿನ ತೊಟ್ಟಿಯ ಮೇಲೆ ಏಳೆಂಟು ಕಾಗೆಗಳು ಕೂತಿದ್ದುವು. ಕತ್ತು ಕೊಂಕಿಸಿ ನೋಡಿದುವು, ಇಳಿಯಲಿಲ್ಲ. ಅರ್ಧ ಗಂಟೆಯಾಯಿತು. ಪುರೋಹಿತರಿಗೆ ಇನ್ನೊಂದು ಮನೆಗೆ ಹೊತ್ತಾಗುತ್ತಿತ್ತು. ಹಸುವಿಗೆ ಕೊಟ್ಟರೂ ಆದೀತು ಎಂದರು. ನಮ್ಮ ಚಿಕ್ಕಪ್ಪ, "ಅಣ್ಣನಿಗೆ ಏನೋ ಅಸಮಾಧಾನ ಉಳಿದಿದೆ. ಏನಾದರೂ ದಾನ ಸಂಕಲ್ಪ ಮಾಡಿಕೊಳ್ಳೋ" ಎಂದರು. ಆಗ ನಮ್ಮ ತಾಯಿ, "ನೀನು ಸ್ವಲ್ಪ ಕೆಳಗಿಳಿದು ಹೋಗು" ಎಂದರು. ಇಳಿದು ಹೋದೆ. ಐದು ನಿಮಿಷವಾಗಿರಲಿಲ್ಲ, ಪಿಂಡ ಮುಟ್ಟಿತು ಎಂದು ಮೇಲಿನಿಂದ ಕೂಗಿದರು.

ಕಾಗೆಯ ವಿಷಯದಲ್ಲಿ ನಮ್ಮ ಜನ ನಡೆದುಕೊಂಡಿರುವ ರೀತಿಯೇ ಒಂದು ಸೋಜಿಗ. ಮಗುವಿಗೆ ಹೇಳುವ ಮೊದಲನೆಯ ಕಥೆಯಲ್ಲಿ ಸಗಣಿಯ ಮನೆ ಕಾಗಕ್ಕನದು, ಕಲ್ಲಿನ ಮನೆ ಗುಬ್ಬಕ್ಕನದು. ಮಳೆಯಲ್ಲಿ ಮನೆ ಕೊಚ್ಚಿಹೋಗಿ ಕಾಗಕ್ಕ ಬಾಗಿಲು ತಟ್ಟಿದರೆ, ಗುಬ್ಬಕ್ಕ ಮಗುವಿಗೆ ನೀರು ಹಾಕಬೇಕು, ತೊಟ್ಟಿಲು ತೂಗಬೇಕು ಎಂದು ಸಬೂಬು ಹೇಳುತ್ತಾಳೆ. ಕಥೆ ಕೇಳುವ ನಾವೆಲ್ಲ ಬೆಚ್ಚಗೆ ಗುಬ್ಬಕ್ಕನ ಪಕ್ಷ. ಮಳೆಯಲ್ಲಿ ನೆನೆಯುತ್ತ ನಿಂತವಳ ಪಕ್ಷ ವಹಿಸಿದ ಮಗುವನ್ನು ನಾನು ಕಂಡಿಲ್ಲ. ಗಾದೆಗಳಲ್ಲಿಯೂ ಹಾಗೆಯೇ: ಜಿಪುಣನನ್ನು ಹೇಳಬೇಕಾದರೆ ಎಂಜಲು ಕೈಯಲ್ಲಿ ಕಾಗೆ ಓಡಿಸದವನು, ಕೆಟ್ಟ ಬರವಣಿಗೆಗೆ ಕಾಗೆ ಕಾಲು ಗುಬ್ಬಿ ಕಾಲು, ಸುಳ್ಳು ಹೇಳಿದರೆ ಕಾಗೆ ಹಾರಿಸಿದ. ಬಸವಣ್ಣನವರಂಥ ಒಬ್ಬರು ಮಾತ್ರ, ಕೂಳು ಕಂಡಾಗ ತನ್ನವರನ್ನೆಲ್ಲ ಕೂಗಿ ಕರೆಯುವ ಅದರ ಗುಣವನ್ನು ಭಕ್ತರಿಗೆ ಮೇಲ್ಪಂಕ್ತಿಯಾಗಿ ಹಿಡಿದರು.

ಕವಿಗಳಂತೂ ಕಾಗೆಯನ್ನು ಹಳಿದು ಕೋಗಿಲೆಯನ್ನು ಹೊಗಳಿದರು. ಆದರೆ ಕೋಗಿಲೆ ಮೊಟ್ಟೆಯಿಡುವುದು ಕಾಗೆಯ ಗೂಡಿನಲ್ಲಿ. ಅದರ ಮರಿಗೆ ಕುಟುಕು ಕೊಟ್ಟು ಬೆಳೆಸುವುದು ಕಾಗೆ. ಅಮರಕೋಶದಲ್ಲಿ ಕೋಗಿಲೆಗೆ ಪರಭೃತ ಎಂದು ಹೆಸರು, ಎಂದರೆ ಪರರಿಂದ ಸಾಕಲ್ಪಟ್ಟದ್ದು. ಕಾಗೆಗೆ ಪರಭೃತ್ ಎಂದು ಹೆಸರು, ಎಂದರೆ ಪರರನ್ನು ಸಾಕುವಂಥದು. ಸಾಕಿದವರಿಗೂ ಸಾಕಿಸಿಕೊಂಡವರಿಗೂ ನಡುವೆ ಒಂದು ಅಕಾರದ ಅಂತರ. ಇದನ್ನು ಹತ್ತಾರು ವರ್ಷ ಹುಡುಗರಿಗೆ ಹೇಳಿದ್ದೇನೆ. ಹಳ್ಳಿಯ ಮೇಷ್ಟರ ಸಂಬಳದಲ್ಲಿ ಎಂ.ಎ. ಓದಿ, ನಗರದಲ್ಲಿ ಇಂಪಾಗಿ ಮಾತನಾಡುವುದನ್ನು ಕಲಿತ ನಾನು ಈ ಎರಡು ಪದಗಳಲ್ಲಿ ಯಾವುದಕ್ಕೆ ಸೇರಿದವನೆಂದು ಆಗ ಯೋಚಿಸಿರಲಿಲ್ಲ.

ಪಿತೃಗಳಿಗೂ ಕಾಗೆಗೂ ನಂಟು ಹೇಗೆ ಬಂತು? ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಒಂದು ಪ್ರಸಂಗವಿದೆ. ಮರುತ್ತನೆಂಬ ರಾಜನ ಯಜ್ಞಕ್ಕೆ ರಾವಣ ನುಗ್ಗಿದಾಗ ಅಲ್ಲಿದ್ದ ದೇವತೆಗಳು ಭಯದಿಂದ ಪ್ರಾಣಿಪಕ್ಷಿಗಳ ರೂಪದಲ್ಲಿ ಅಡಗಿಕೊಂಡರು. ಇಂದ್ರ ನವಿಲಾದ, ವರುಣ ಹಂಸವಾದ, ಕುಬೇರ ಓತಿಕ್ಯಾತವಾದ, ಯಮ ಕಾಗೆಯಾದ. ಗಂಡಾಂತರ ಕಳೆದ ಮೇಲೆ ಯಮ ಕೃತಜ್ಞತೆಯಿಂದ ಕಾಗೆಗೆ ವರ ಕೊಟ್ಟ: ನಿನಗೆ ರೋಗಗಳ ಬಾಧೆಯಿಲ್ಲ, ಮನುಷ್ಯರು ಕೊಲ್ಲದಿರುವವರೆಗೂ ನೀನು ಬದುಕುವೆ, ನನ್ನ ಲೋಕದಲ್ಲಿ ಹಸಿದಿರುವವರು ನೀನು ಉಂಡರೆ ತೃಪ್ತರಾಗುವರು. ಎಲ್ಲರನ್ನೂ ಹೆದರಿಸುವವನು ತಾನೇ ಹೆದರಿ ಆಶ್ರಯ ಪಡೆದದ್ದು ಯಾರೂ ಸೇರಿಸದ ಈ ಹಕ್ಕಿಯ ಮೈಯಲ್ಲಿ. ನಾವು ಇಡುವ ಪಿಂಡದ ಮೂಲದಲ್ಲಿರುವುದು ಭಯವಲ್ಲ, ಉಪಕಾರಸ್ಮರಣೆ. ಆ ವರದ ನಡುವಿನ ಷರತ್ತನ್ನು ನೋಡಿ: ಯಮ ತನ್ನ ಕೈಯನ್ನು ಕಟ್ಟಿಹಾಕಿಕೊಂಡ, ಮನುಷ್ಯನ ಕೈಯನ್ನು ಮಾತ್ರ ಕಟ್ಟಲಾರದೆ ಹೋದ.

ಆ ಕೈ ಮಾಡಿದ್ದೇನು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಗೆಯನ್ನು ಇಲಿ, ಹೆಗ್ಗಣ, ಬಾವಲಿಗಳ ಜೊತೆಗೆ ಉಪದ್ರವದ ಜೀವಿಗಳ ಪಟ್ಟಿಯಲ್ಲಿ ಸೇರಿಸಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಅರ್ಧ ಶತಮಾನದ ಕಾಲ ನಮ್ಮ ದೇಶದಲ್ಲಿ ಕಾಗೆ ವರ್ಷಕ್ಕೊಂದು ದಿನ ಪಿತೃ, ಉಳಿದ ದಿನ ಉಪದ್ರವ. ಕಾಯಿದೆ ಬರೆದವರನ್ನು ದೂರಿ ಫಲವಿಲ್ಲ. ನಮ್ಮ ಮನೆಯ ತಾರಸಿಯ ಕಾಯಿದೆಯೂ ಅದೇ ಆಗಿತ್ತು.

ತಿಥಿಯ ಮಾರನೆಯ ದಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಸ್ನೇಹಿತರಿಗೆ ನಡೆದದ್ದನ್ನು ಹೇಳಿದೆ. ಅವರು ನಕ್ಕು, ಅಮೆರಿಕದ ಸಿಯಾಟಲ್ ನಗರದ ಒಂದು ಪ್ರಯೋಗದ ವಿಷಯ ತಿಳಿಸಿದರು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಜಾನ್ ಮಾರ್ಜ್‌ಲಫ್ ಎಂಬವರು 2006ರಲ್ಲಿ ಆದಿಮಾನವನ ಮುಖವಾಡ ತೊಟ್ಟು ಏಳು ಕಾಗೆಗಳನ್ನು ಹಿಡಿದು, ಕಾಲಿಗೆ ಗುರುತು ಹಾಕಿ ಬಿಟ್ಟರು. ಮುಂದೆ ಯಾರೇ ಆ ಮುಖವಾಡ ತೊಟ್ಟು ಬಂದರೂ ಕಾಗೆಗಳು ಮುತ್ತಿ ಕಿರುಚಿದುವು. ಬೇರೆ ಮುಖವಾಡಕ್ಕೆ ತೆಪ್ಪಗಿದ್ದುವು. ವರ್ಷಗಳು ಕಳೆದಂತೆ, ಬಲೆಗೆ ಬೀಳದ ಕಾಗೆಗಳೂ, ಆಮೇಲೆ ಹುಟ್ಟಿದ ಮರಿಗಳೂ ಆ ಮುಖವನ್ನು ಬೈಯಲು ಕಲಿತುವು. ಅದೇ ವಿಶ್ವವಿದ್ಯಾನಿಲಯದ ಕೇಲಿ ಸ್ವಿಫ್ಟ್ ಎಂಬ ವಿದುಷಿ ಮಾರ್ಜ್‌ಲಫ್ ಜೊತೆಗೂಡಿ 2015ರಲ್ಲಿ ಪ್ರಕಟಿಸಿದ್ದು ಇನ್ನೊಂದು ಸಂಗತಿ: ಸತ್ತ ಕಾಗೆಯೊಂದನ್ನು ಹಿಡಿದ ಮನುಷ್ಯನನ್ನು ಕಂಡ ಜಾಗದಲ್ಲಿ, ಆಮೇಲೆ ಆಹಾರವಿಟ್ಟರೂ ಕಾಗೆಗಳು ಹತ್ತಿರ ಬರಲು ಹಿಂಜರಿಯುತ್ತವೆ. ಅವು ಅಮೆರಿಕದ ಕಾಗೆಗಳು, ನಮ್ಮ ಬೂದುಕತ್ತಿನ ಕಾಗೆಯ ದಾಯಾದಿಗಳು. ಆದರೂ ನನ್ನ ಪ್ರಕರಣಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. "ನೋಡಿ, ನಿಮ್ಮ ಪಿಂಡದ ರಹಸ್ಯ ಇಷ್ಟೆ" ಎಂದರು ಸ್ನೇಹಿತರು.

ನಾನು ಈ ಲೇಖನ ಬರೆಯುತ್ತಿರುವುದು ಆ 'ಇಷ್ಟೆ' ಎಂಬ ಮಾತಿಗಾಗಿ. ಒಂದು ಘಟನೆಯ ಕಾರಣ ತಿಳಿದೊಡನೆ ಅದರ ಅರ್ಥ ತೀರಿಹೋಗುತ್ತದೆಯೆ?

ಚಿಕ್ಕಪ್ಪನ ವಿವರಣೆ ಒಂದು, ಸ್ನೇಹಿತರ ವಿವರಣೆ ಇನ್ನೊಂದು; ಮೇಲುನೋಟಕ್ಕೆ ಅವು ಪರಸ್ಪರ ವಿರುದ್ಧ. ಆದರೆ ನನ್ನ ಮಟ್ಟಿಗೆ ಎರಡೂ ಒಂದೇ ಉಪಕಾರವನ್ನು ಮಾಡುತ್ತಿದ್ದುವು. ಪಿತೃವಿನ ಅಸಮಾಧಾನವೆಂದರೆ ಒಂದು ದಾನ ಕೊಟ್ಟು ಮುಗಿಸಬಹುದು. ಹಕ್ಕಿಯ ಜ್ಞಾಪಕಶಕ್ತಿಯೆಂದರೆ, ಆಶ್ಚರ್ಯಪಟ್ಟು ಮುಗಿಸಬಹುದು. ನಂಬಿಕೆ ಅಗ್ಗದ ಪ್ರಾಯಶ್ಚಿತ್ತವನ್ನು ತೋರಿಸಿತು. ತಿಳಿವಳಿಕೆ, ನಾನು ಅದನ್ನು ಬಳಸಿಕೊಂಡ ರೀತಿಯಲ್ಲಿ, ಪ್ರಾಯಶ್ಚಿತ್ತವೇ ಬೇಡವೆಂದಿತು. 'ನೀನು ಏನು ಮಾಡಿದೆ?' ಎಂದು ಎರಡೂ ಕೇಳಲಿಲ್ಲ.

ಆ ರಾತ್ರಿ ತಾಯಿಯನ್ನು ಕೇಳಿದೆ: "ನಾನು ಕೆಳಗೆ ಹೋದರೆ ಕಾಗೆ ಬರುತ್ತೆ ಅಂತ ನಿನಗೆ ಹೇಗೆ ಗೊತ್ತಾಯಿತಮ್ಮಾ? ಅದು ಅಪ್ಪ ಅಲ್ಲ, ಗೂಡು ಕಳಕೊಂಡ ಕಾಗೆ ಅಂತ ಅನ್ನಿಸಿತೆ?"

ಬತ್ತಿ ಹೊಸೆಯುತ್ತ ಕೂತಿದ್ದ ತಾಯಿ ತಲೆಯೆತ್ತದೆ ಹೇಳಿದರು: "ಕಾಗೆ ಅಂತ ನನಗೆ ಗೊತ್ತಿಲ್ಲವೇನೋ? ಆದರೆ ನಿಮ್ಮಪ್ಪನೇ ಆಗಿದ್ದರೂ ನೀನು ನಿಂತಿರುವಾಗ ಅಲ್ಲಿಗೆ ಬರುತ್ತಿರಲಿಲ್ಲ."

ಸ್ವಲ್ಪ ಹೊತ್ತಿನ ಮೇಲೆ, "ಬೇಡ ಅಂದ ಜಾಗಕ್ಕೆ ಅವರು ಯಾವತ್ತೂ ಹೋದವರಲ್ಲ" ಎಂದರು.

ಶಾಸ್ತ್ರ ಓದದ ನಮ್ಮ ತಾಯಿಯ ಈ ಮಾತೇ ಕಾಕಾಕ್ಷಿಗೋಲಕ ನ್ಯಾಯಕ್ಕೆ ನಾನು ಕಂಡ ಅತ್ಯುತ್ತಮ ಉದಾಹರಣೆ. ಕಾಗೆ ಇಳಿಯದಿದ್ದುದಕ್ಕೆ ಒಂದು ಕಾರಣವಿತ್ತು, ಅದು ಗೂಡು. ಅದರಿಂದ ನಾನು ತಿಳಿಯಬೇಕಾದದ್ದೊಂದಿತ್ತು, ಅದು ನಮ್ಮ ತಂದೆಯ ಒಂದು ಹಿಡಿ ಅನ್ನ. ಎರಡರಲ್ಲಿಯೂ ಮೋಟುಗೋಡೆ ಅದೇ, ಅಟ್ಟಿದ ಕೈ ಅದೇ. ಒಂದೇ ಕಣ್ಣುಗುಡ್ಡೆ ಎರಡು ಕಡೆಗೂ ಹೊರಳಿ ನನ್ನನ್ನು ನೋಡಿತ್ತು. ಕಾಗೆ ನಮ್ಮ ತಂದೆಯ ಪರವಾಗಿ ಬಂದಿದ್ದರೆ ಬಹುಶಃ ಮೊದಲ ಕೂಗಿಗೇ ಇಳಿಯುತ್ತಿತ್ತು, ಅವರು ಮನಸ್ಸಿನಲ್ಲಿಟ್ಟುಕೊಳ್ಳುವವರಲ್ಲ. ಅದು ತನ್ನ ಪರವಾಗಿ, ತನ್ನ ಮೂರು ಮರಿಗಳ ಪರವಾಗಿ ಕೂತಿತ್ತು. ಸತ್ತವರ ಕೋಪವನ್ನು ಊಹಿಸಿಕೊಂಡು ನಡುಗುವುದು ಸುಲಭ. ಎದುರಿಗೆ ಕೂತ ಜೀವಿಯ ಕೋಪ ನ್ಯಾಯವಾದದ್ದು ಎಂದು ಒಪ್ಪಿಕೊಳ್ಳುವುದು ಕಷ್ಟ.

ಗೃಹಸ್ಥನು ನಿತ್ಯವೂ ಭೂತಬಲಿಯ ಅನ್ನವನ್ನು ನೆಲದ ಮೇಲೆ ಮೆಲ್ಲಗೆ ಇಡಬೇಕೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯ ಹೇಳುತ್ತದೆ. ನಾಯಿ, ಕಾಗೆ, ಹುಳುಗಳ ಜೊತೆಗೆ ಪತಿತರನ್ನೂ ರೋಗಿಗಳನ್ನೂ ಅಲ್ಲಿ ಹೆಸರಿಸಿದೆ. ಮನುಷ್ಯರನ್ನು ಆ ಸಾಲಿನಲ್ಲಿ ನಿಲ್ಲಿಸಿದ್ದನ್ನು ಇಂದು ನಾವು ತಲೆತಗ್ಗಿಸದೆ ಓದಲಾರೆವು. ಆದರೆ ಆ 'ಮೆಲ್ಲಗೆ' ಎಂಬ ಮಾತನ್ನು ನಾನು ಉಳಿಸಿಕೊಂಡಿದ್ದೇನೆ. ಎಸೆಯುವುದು ಬೇರೆ, ಇಡುವುದು ಬೇರೆ. ವರ್ಷಕ್ಕೊಮ್ಮೆ ಇಡುವುದು ಬೇರೆ, ದಿನವೂ ಇಡುವುದು ಬೇರೆ. ನಮ್ಮ ತಂದೆ ಪಿತೃಗಳಿಗಾಗಿ ಇಟ್ಟರೋ ಕಾಗೆಗಾಗಿ ಇಟ್ಟರೋ ನಾನು ಕೇಳಲಿಲ್ಲ. ಕೇಳಿದ್ದರೆ ಆ ಪ್ರಶ್ನೆಯೇ ಅವರಿಗೆ ಅರ್ಥವಾಗುತ್ತಿರಲಿಲ್ಲವೇನೋ. ಹಸಿದದ್ದು ಬರುತ್ತದೆ, ಇಡಬೇಕು. ಬದುಕಿರುವವರಿಗೆ ಅಷ್ಟು ಮಾಡದವನು ಸತ್ತವರಿಗೆ ಮಾಡುವುದು ಲೆಕ್ಕ ತೀರಿಸುವ ಕೆಲಸವಾದೀತು. ಶ್ರದ್ಧೆಯಿಂದ ಮಾಡುವ ಶ್ರಾದ್ಧವಾಗಲಾರದು.

ಈಗ ದಿನವೂ ಕಾಲೇಜಿಗೆ ಹೊರಡುವ ಮುನ್ನ ಮೋಟುಗೋಡೆಯ ಮೇಲೆ ಒಂದು ಹಿಡಿ ಅನ್ನವಿಡುತ್ತೇನೆ. ಪಕ್ಕದ ಮನೆಯವರ ಜೊತೆ ಮಾತನಾಡಿ, ಬಟ್ಟೆಯ ಹಗ್ಗವನ್ನು ಹಿಂಬದಿಗೆ ಸಾಗಿಸಿದ್ದಾಯಿತು. ಇಷ್ಟು ಸಣ್ಣ ಏರ್ಪಾಡನ್ನು ತಂದೆ ಇದ್ದಾಗ ಮಾಡಬಹುದಾಗಿತ್ತು. ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡುವ ಭಾಗ್ಯ ನನಗಿನ್ನೂ ಇಲ್ಲ. ನಾನು ನಿಂತಿದ್ದರೆ ಅವು ಇಳಿಯುವುದಿಲ್ಲ. ಸಿಯಾಟಲಿನ ಕಾಗೆಗಳು ಹತ್ತು ವರ್ಷ ಕಳೆದರೂ ಆ ಮುಖವನ್ನು ಮರೆತಿರಲಿಲ್ಲವಂತೆ. ಆ ಲೆಕ್ಕದಲ್ಲಿ ನನ್ನ ಸರದಿ ಇನ್ನೂ ದೂರವಿದೆ. ಮೆಟ್ಟಿಲಿಳಿದು ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ಮೇಲೆ ರೆಕ್ಕೆಯ ಸದ್ದಾಗುತ್ತದೆ. ಛತ್ರಿ ತೆಗೆದುಕೊಂಡು ಹೊರಡುತ್ತೇನೆ.