ನೆಟ್ಟನೆ ಬೀದಿಯ ಆ ಮನೆ

ಅಪೊಸ್ತಲರ ಕೃತ್ಯಗಳ ಒಂಬತ್ತನೆಯ ಅಧ್ಯಾಯ ಸೌಲನದೇ ಎಂದು ನಾವೆಲ್ಲ ತಿಳಿದಿದ್ದೇವೆ. ದಮಸ್ಕದ ದಾರಿ, ಆಕಾಶದಿಂದ ಬಿದ್ದ ಬೆಳಕು, ನೆಲಕ್ಕುರುಳಿದ ಮನುಷ್ಯ. ಸಂಡೇ ಸ್ಕೂಲಿನ ಮಕ್ಕಳಿಗೂ ಆ ಕತೆ ಬಾಯಿಪಾಠ. ಆದರೆ ಹತ್ತನೆಯ ವಚನಕ್ಕೆ ಬರುವಾಗ ಇನ್ನೊಬ್ಬ ಕಾಣಿಸಿಕೊಳ್ಳುತ್ತಾನೆ. ಹೆಸರು ಅನನೀಯ. ಅವನು ಅಪೊಸ್ತಲನಲ್ಲ, ಸಭಾಪಾಲಕ ಎಂದೂ ಹೇಳಿಲ್ಲ. ದಮಸ್ಕದಲ್ಲಿದ್ದ ಒಬ್ಬ ಶಿಷ್ಯ, ಅಷ್ಟೆ. ಒಂದು ದಿನದ ಕೆಲಸಕ್ಕಾಗಿ ಲೂಕನ ಪುಟಕ್ಕೆ ಬಂದು, ಅದನ್ನು ಮುಗಿಸಿ ಹೊರಟುಹೋಗುತ್ತಾನೆ. ಹೆದರಿಕೆಯಾಗುವಂಥ ಕೆಲಸಕ್ಕೆ ದೇವರು ಕರೆದಾಗ ಏನು ಮಾಡಬೇಕು ಎಂದು ಯಾರಾದರೂ ಕೇಳಿದರೆ ನನ್ನ ಮನಸ್ಸು ಮೋಶೆಯ ಕಡೆಗಾಗಲಿ ಗಿದ್ಯೋನನ ಕಡೆಗಾಗಲಿ ಹೋಗುವುದಿಲ್ಲ, ಈ ಮನುಷ್ಯನ ಕಡೆಗೇ ಹೋಗುತ್ತದೆ.

ಅವನ ಹೆದರಿಕೆ ಎಂಥದ್ದು ಎಂದು ಮೊದಲು ತಿಳಿಯಬೇಕು. ಕ್ರಿ.ಶ. 35ರ ಆಸುಪಾಸಿನ ಮಾತು. ಯೆರೂಸಲೇಮಿನಲ್ಲಿ ಸ್ತೆಫನನನ್ನು ಕಲ್ಲೆಸೆದು ಕೊಂದಾಗ, ಕಲ್ಲು ಬೀರಿದವರು ತಮ್ಮ ಮೇಲಂಗಿಗಳನ್ನು ಕಳಚಿಟ್ಟದ್ದು ಸೌಲನೆಂಬ ಯುವಕನ ಪಾದದ ಬಳಿ. ಆ ಸಾವಿಗೆ ಅವನ ಒಪ್ಪಿಗೆಯಿತ್ತು ಎಂದು ಲೂಕನು ಬಿಚ್ಚಿಯೇ ಬರೆಯುತ್ತಾನೆ. ಆಮೇಲೆ ಸೌಲ ಮನೆಮನೆಗೆ ನುಗ್ಗಿ, ಗಂಡಸರು ಹೆಂಗಸರು ಎನ್ನದೆ ಎಳೆದುಕೊಂಡು ಹೋಗಿ ಸೆರೆಮನೆಗೆ ಹಾಕಿಸಿದ. ಅದೂ ಸಾಲದೆ ಮಹಾಯಾಜಕನಿಂದ ಪತ್ರಗಳನ್ನು ಪಡೆದು, ಸುಮಾರು 220 ಕಿಲೋಮೀಟರ್ ದೂರದ ದಮಸ್ಕಕ್ಕೆ ಹೊರಟ. ಅಲ್ಲಿನ ಶಿಷ್ಯರನ್ನು ಕಟ್ಟಿ ತರುವುದೇ ಪ್ರಯಾಣದ ಉದ್ದೇಶ. ಹೀಗೆ ಹಿಡಿದು ತರಬೇಕಾಗಿದ್ದವರು ಅನನೀಯನಂಥವರೇ. ಅವನಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಹಲವರು ಬಂದು ಹೇಳಿದ್ದರು. ಎಂದರೆ ಆ ಭಯ ಕಲ್ಪನೆಯದಲ್ಲ, ಮನೋದೌರ್ಬಲ್ಯವೂ ಅಲ್ಲ. ಕಣ್ಣೆದುರಿನ ಸತ್ಯಾಂಶಗಳ ಮೇಲೆ ನಿಂತ, ವಿವೇಕವಿರುವ ಯಾರಿಗಾದರೂ ಬರಬೇಕಾದ ಭಯ.

ಅಂಥವನಿಗೆ ದರ್ಶನದಲ್ಲಿ ಕರ್ತನು ಕೊಟ್ಟದ್ದು ಒಂದು ವಿಳಾಸ. ಬೀದಿಯ ಹೆಸರು, ಮನೆಯ ಯಜಮಾನನ ಹೆಸರು, ಒಳಗಿರುವವನ ಹೆಸರು, ಅವನ ಊರು. ನೆಟ್ಟನೆ ಬೀದಿಗೆ ಹೋಗು, ಯೂದನ ಮನೆಯಲ್ಲಿ ತಾರ್ಸದ ಸೌಲನನ್ನು ವಿಚಾರಿಸು ಎಂಬಷ್ಟೇ ಸ್ಪಷ್ಟ ಅಪ್ಪಣೆ. ಆ ಬೀದಿ ಈಗಲೂ ಇದೆ. ದಮಸ್ಕದ ಹಳೆಯ ಪೇಟೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ಸೀಳುವ ರೋಮನರ ಕಾಲದ ರಾಜಬೀದಿ ಅದು. ಉದ್ದ ಸುಮಾರು ಒಂದೂವರೆ ಕಿಲೋಮೀಟರ್. ಪೂರ್ವದ ತುದಿಯಲ್ಲಿ ಬಾಬ್ ಶರ್ಕಿ ಎಂಬ ಹೆಬ್ಬಾಗಿಲು. ಅದರ ಸಮೀಪ, ಇಂದಿನ ನೆಲಮಟ್ಟಕ್ಕಿಂತ ಕೆಳಗೆ, ಕಲ್ಲಿನ ಪುಟ್ಟ ಪ್ರಾರ್ಥನಾಲಯವೊಂದಿದೆ. ಅನನೀಯನ ಮನೆ ಇದ್ದದ್ದು ಇಲ್ಲೇ ಎಂದು ಪರಂಪರೆ ಹೇಳುತ್ತದೆ. ಪರಂಪರೆಯ ಮಾತು ನಿಜವಾದರೆ ಅವನು ನಡೆಯಬೇಕಾದ ದಾರಿ ತೀರಾ ಚಿಕ್ಕದು. ಸಾವಿನ ಬಾಯಿ ಎಂದು ಅವನು ನಂಬಿದ್ದ ಜಾಗಕ್ಕೆ ಕೆಲವು ನಿಮಿಷಗಳ ನಡಿಗೆ.

ಅನನೀಯ ಕೂಡಲೇ ಹೊರಡಲಿಲ್ಲ. ಕರ್ತನೇ, ಈ ಮನುಷ್ಯ ಎಂಥವನೆಂದು ಕೇಳಿದ್ದೇನೆ, ಇಲ್ಲಿಯೂ ಹಿಡಿದು ಕಟ್ಟುವ ಅಧಿಕಾರ ಅವನ ಕೈಯಲ್ಲಿದೆ ಎಂದು ಎದುರು ಹೇಳಿದ. ದೇವರಿಗೇ ಗೊತ್ತಿಲ್ಲದ ಸುದ್ದಿಯನ್ನು ತಾನು ಮುಟ್ಟಿಸುತ್ತಿರುವಂತೆ, ಒಂದೊಂದನ್ನೂ ಬಿಡಿಸಿ ಹೇಳಿದ. ಇದಕ್ಕಾಗಿ ಅವನನ್ನು ಅಲ್ಪವಿಶ್ವಾಸಿ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕರ್ತನು ಅವನನ್ನು ಗದರಿಸಲಿಲ್ಲ, ಬೇರೊಬ್ಬನನ್ನು ಹುಡುಕಲೂ ಇಲ್ಲ. ತಂದೆಯೊಂದಿಗೆ ಮಗ ಮಾತಾಡುವ ಸಲುಗೆ ಅವನ ಮಾತಿನಲ್ಲಿದೆ. ಒಳಗೆ ನಡುಗುತ್ತಾ ಹೊರಗೆ ಸ್ತೋತ್ರ ಹಾಡುವುದಕ್ಕಿಂತ, ಹೆದರಿಕೆಯಾಗುತ್ತಿದೆ ಎಂದು ದೇವರ ಮುಖಕ್ಕೇ ಹೇಳುವುದು ಹೆಚ್ಚು ನಂಬಿಕೆಯ ಕೆಲಸ.

ಆದರೆ ನಾನು ಬರೆಯಲು ಕೂತದ್ದು ಇದಕ್ಕಾಗಿ ಅಲ್ಲ. ವಚನಗಳ ಕ್ರಮವನ್ನು ನಿಧಾನವಾಗಿ ನೋಡಬೇಕು. ಅನನೀಯ ಬಾಯಿ ತೆರೆದು ಆಕ್ಷೇಪ ಹೇಳುವುದು ಹದಿಮೂರನೆಯ ವಚನದಲ್ಲಿ. ಅದಕ್ಕೂ ಮೊದಲೇ, ಹನ್ನೆರಡನೆಯ ವಚನದಲ್ಲಿ, ಕರ್ತನು ಅವನಿಗೆ ಒಂದು ಸಂಗತಿ ತಿಳಿಸಿಬಿಟ್ಟಿದ್ದಾನೆ: ಅನನೀಯ ಎಂಬ ಹೆಸರಿನವನು ಒಳಗೆ ಬಂದು ತನ್ನ ಮೇಲೆ ಕೈಯಿಟ್ಟು ಮತ್ತೆ ಕಣ್ಣು ಕಾಣುವಂತೆ ಮಾಡುವುದನ್ನು ಸೌಲನು ಆಗಲೇ ದರ್ಶನದಲ್ಲಿ ನೋಡಿದ್ದಾನೆ.

ಆಗಲೇ! ಅನನೀಯ ಇನ್ನೂ ಹೂಂ ಎಂದಿಲ್ಲ, ಎದ್ದು ಚಪ್ಪಲಿ ಮೆಟ್ಟಿಲ್ಲ. ಅಷ್ಟರಲ್ಲಿ ಅವನ ಹೆಸರು ಆ ಕುರುಡನಿಗೆ ತಲುಪಿಬಿಟ್ಟಿದೆ. ಬರುತ್ತಾನೆ ಎಂದು ದೇವರು ಮಾತು ಕೊಟ್ಟುಬಿಟ್ಟಿದ್ದಾನೆ. ದೇವರನ್ನು ನಂಬುವುದರ ಬಗ್ಗೆ ನಾವು ಎಷ್ಟೋ ಮಾತಾಡುತ್ತೇವೆ, ಪ್ರಸಂಗ ಕೇಳುತ್ತೇವೆ. ಇಲ್ಲಿ ಮೊದಲು ನಂಬಿದವನು ದೇವರು. ದಮಸ್ಕದ ಒಬ್ಬ ಸಾಧಾರಣ ಶಿಷ್ಯನ ಮೇಲೆ, ಅವನಿಗೆ ಪುಕ್ಕಲು ಹತ್ತಿದೆ ಎಂದು ಪೂರ್ತಿ ಬಲ್ಲವನಾಗಿಯೂ, ಇಷ್ಟು ದೊಡ್ಡ ಭಾರ ಹೊರಿಸಿದ. ಸೌಲನಿಗೆ ಬೆಳಕಾಗಿ ಕಂಡವನಿಗೆ, ಹೆಸರು ಹಿಡಿದು ಕರೆದವನಿಗೆ, ಅಲ್ಲೇ ಕಣ್ಣು ಕೊಡಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಆದರೂ ಮೂರು ದಿನ ಅವನನ್ನು ಕುರುಡನಾಗಿ, ಅನ್ನನೀರಿಲ್ಲದೆ ಕೂರಿಸಿ, ಒಬ್ಬ ಮನುಷ್ಯನ ಕೈಗಾಗಿ ಕಾಯಿಸಿದ.

ಆ ಮೂರು ದಿನಗಳನ್ನು ಯೂದನ ಮನೆಯ ಒಳಗಿನಿಂದಲೂ ಊಹಿಸಬೇಕು. ಕತ್ತಲು. ಸೌಲನಿಗೆ ತಾನು ಸೆರೆಗೆ ಹಾಕಿಸಿದವರ ಮುಖಗಳು ನೆನಪಾಗುತ್ತಿದ್ದಿರಬೇಕು. ಅವನು ಪ್ರಾರ್ಥಿಸುತ್ತಿದ್ದಾನೆ ಎಂದು ಕರ್ತನೇ ಅನನೀಯನಿಗೆ ತಿಳಿಸುತ್ತಾನೆ. ಹೊರಗೆ ಹೆಜ್ಜೆಯ ಸದ್ದಾದಾಗಲೆಲ್ಲ ಆ ಹೆಸರಿನವನೇ ಬಂದನೇನೋ ಎಂದು ಅವನು ಕಿವಿಗೊಟ್ಟಿರಬೇಕು. ಅನನೀಯನ ಮನಸ್ಸಿನಲ್ಲಿದ್ದ ಸೌಲ ಪತ್ರ ಹಿಡಿದ ಬೇಟೆಗಾರ. ಮನೆಯೊಳಗಿದ್ದ ಸೌಲ ಕೈಹಿಡಿದು ನಡೆಸಿದರೆ ಮಾತ್ರ ನಡೆಯಬಲ್ಲ ಅಸಹಾಯಕ. ದೇವರು ಕಳಿಸುವ ಜಾಗದಲ್ಲಿ ಏನಿದೆ ಎಂದು ನಮಗೆ ಗೊತ್ತಿರುವುದು ನಿನ್ನೆಯವರೆಗಿನ ಸುದ್ದಿ. ಅಲ್ಲಿ ಈಗ ಏನಾಗಿದೆ ಎಂಬುದು ಕಳಿಸುವವನಿಗೆ ಗೊತ್ತು.

ಆಸ್ತಿಯ ಪಾಲಿನಲ್ಲಿ ಮನಸ್ಸು ಮುರಿದು, ಕೋರ್ಟು ಮೆಟ್ಟಿಲು ಹತ್ತಿ, ವರ್ಷಗಟ್ಟಲೆ ಮುಖ ನೋಡದ ಅಣ್ಣ ಆಸ್ಪತ್ರೆ ಸೇರಿದ್ದಾನೆ ಎಂದು ಕೇಳುತ್ತೀರಿ. ಹೋಗು ಎಂದು ಒಳಗೆ ಯಾರೋ ಹೇಳುತ್ತಾರೆ. ಹೋದರೆ ಅತ್ತಿಗೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರೆ? ಎಲ್ಲರೆದುರು ಅವಮಾನವಾದರೆ? ಹಳೆಯದೆಲ್ಲ ಕೆದಕಿ ಎದ್ದರೆ? ಈ ಪ್ರಶ್ನೆಗಳೆಲ್ಲ ನ್ಯಾಯವಾದವೇ. ಆದರೆ ಆ ಹಾಸಿಗೆಯ ಮೇಲೆ ಮಲಗಿರುವವನಿಗೆ ನಿಮ್ಮ ಹೆಸರು ಆಗಲೇ ಮುಟ್ಟಿರಬಹುದಲ್ಲ! ತಮ್ಮ ಬಂದಾನೇ ಎಂದು ನಿನ್ನೆಯೇ ಕೇಳಿರಬಹುದು. ನೀವು ತಡಮಾಡಿದ ಪ್ರತಿ ಗಂಟೆಯೂ ಅವನು ಕಾಯುವ ಗಂಟೆಯಾಗಿರಬಹುದು. ಭಯದಲ್ಲಿರುವವರಿಗೆ ಬಾಗಿಲಿನ ಈಚೆಯದು ಮಾತ್ರ ಕಾಣುತ್ತದೆ.

ಒಂದು ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಬಾರದು. ಈ ಕತೆಯನ್ನು ಹಿಡಿದು, ಹೊಡೆಯುವ ಗಂಡನ ಮನೆಗೆ ಹೆಣ್ಣುಮಗಳನ್ನು ಹಿಂದಕ್ಕೆ ಕಳಿಸುವ ಹಿರಿಯರಿದ್ದಾರೆ. ದೇವರ ಮೇಲೆ ಭಾರ ಹಾಕಿ ಹೋಗಮ್ಮ ಎನ್ನುತ್ತಾರೆ. ಅದು ಅನ್ಯಾಯ. ಅನನೀಯನನ್ನು ಕಳಿಸಿದವನು ಕರ್ತನೇ ಹೊರತು ಊರ ಪಂಚಾಯತಿಯಲ್ಲ. ಕಳಿಸುವ ಮುನ್ನ ಸೌಲನ ಕೈಯಿಂದ ಕತ್ತಿ ಜಾರಿಸಿದ್ದವನೂ ಅವನೇ. ಕರೆ ಬಂದವನು ತಾನೇ ಕೇಳಿಸಿಕೊಂಡು, ತಾನೇ ವಾದಿಸಿ, ತಾನೇ ಎದ್ದು ಹೋದ. ಇನ್ನೊಬ್ಬರ ಪ್ರಾಣವನ್ನು ಪಣಕ್ಕಿಟ್ಟು ನಂಬಿಕೆಯ ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ.

ಅನನೀಯ ಹೋದ. ಮನೆಯೊಳಕ್ಕೆ ಹೊಕ್ಕ. ಸೌಲನ ಮೇಲೆ ಕೈಯಿಟ್ಟು, ಸಹೋದರನೇ ಎಂದು ಕರೆದ. ಈ ಮಾತು ಎಷ್ಟು ದುಬಾರಿಯದು ಎಂದು ತಿಳಿಯಬೇಕಾದರೆ ಮುಂದಿನ ಭಾಗ ಓದಬೇಕು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ, ಮುಂದೆ ಪೌಲನೆನಿಸಿಕೊಂಡ ಈ ಸೌಲನೇ ಲೆಕ್ಕ ಕೊಡುತ್ತಾನೆ: ಅವನು ಯೆರೂಸಲೇಮಿಗೆ ಹೋದದ್ದು ಮೂರು ವರ್ಷಗಳ ಬಳಿಕ. ಅಷ್ಟು ಕಾಲ ಕಳೆದಿತ್ತು. ದಮಸ್ಕದಲ್ಲಿ ಕ್ರಿಸ್ತನನ್ನು ಸಾರಿದ್ದಕ್ಕಾಗಿ ಪ್ರಾಣಕ್ಕೆ ಸಂಚಕಾರ ಬಂದು, ಶಿಷ್ಯರು ಅವನನ್ನು ಬುಟ್ಟಿಯಲ್ಲಿ ಕೂರಿಸಿ ರಾತ್ರಿ ಕೋಟೆಗೋಡೆಯಿಂದ ಇಳಿಸಿದ್ದರು. ಇಷ್ಟಾದ ಮೇಲೂ ಯೆರೂಸಲೇಮಿನ ಶಿಷ್ಯರು ಅವನನ್ನು ನಂಬಲಿಲ್ಲ, ಹತ್ತಿರ ಸೇರಿಸಲು ಹೆದರಿದರು. ಬಾರ್ನಬ ಮುಂದೆ ಬಂದು ಕೈಹಿಡಿದು ಕರೆದೊಯ್ಯಬೇಕಾಯಿತು. ಯೇಸುವಿನೊಂದಿಗೆ ನಡೆದಾಡಿದವರ ಊರಿನಲ್ಲಿ ಮೂರು ವರ್ಷದ ಸಾಕ್ಷಿಯೂ ಸಾಲದೆ ಹೋದ ಕಡೆ, ಅನನೀಯ ಮೂರು ದಿನಕ್ಕೇ, ಯಾವ ಸಾಕ್ಷಿಯೂ ಇಲ್ಲದೆ, ಸಹೋದರನೇ ಎಂದ. ಅವನ ಕೈಯಲ್ಲಿದ್ದದ್ದು ಕರ್ತನ ಮಾತೊಂದೇ.

ಅವನ ಎದೆಬಡಿತ ಆಗ ನಿಂತಿತ್ತೇ? ಬೈಬಲ್ ಹೇಳುವುದಿಲ್ಲ. ಹಾಲೆಂಡಿನ ಕೋರಿ ಟೆನ್ ಬೂಮ್ ನೆನಪಾಗುತ್ತಾರೆ. ಯೆಹೂದ್ಯರನ್ನು ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದ್ದಕ್ಕೆ 1944ರಲ್ಲಿ ಬಂಧನಕ್ಕೊಳಗಾಗಿ, ರಾವೆನ್ಸ್‌ಬ್ರುಕ್ ಶಿಬಿರದಲ್ಲಿ ಅಕ್ಕ ಬೆಟ್ಸಿಯನ್ನು ಕಳೆದುಕೊಂಡವರು. 1947ರಲ್ಲಿ ಮ್ಯೂನಿಕ್‌ನ ಚರ್ಚೊಂದರಲ್ಲಿ ಕ್ಷಮೆಯ ಬಗ್ಗೆ ಮಾತಾಡಿ ಮುಗಿಸಿದಾಗ, ಅದೇ ಶಿಬಿರದ ಕಾವಲುಗಾರನಾಗಿದ್ದವನು ಎದುರಿಗೆ ಬಂದು ಕೈ ಚಾಚಿದ. ಅವರ ಕೈ ಮೇಲೇಳಲಿಲ್ಲ. ಪ್ರೀತಿ ಬರಲಿಲ್ಲ, ಕರುಣೆಯೂ ಬರಲಿಲ್ಲ. ನನ್ನಿಂದಾಗದು, ನೀನೇ ಸಹಾಯ ಮಾಡು ಎಂದು ಒಳಗೇ ಬೇಡಿ, ಯಂತ್ರದಂತೆ ಕೈ ಎತ್ತಿ ಅವನ ಕೈಗೆ ಕೊಟ್ಟರು. ಮನಸ್ಸು ಕರಗಿದ್ದು ಕೈ ಕೊಟ್ಟ ಮೇಲೆ ಎಂದು ಅವರೇ ಬರೆದಿದ್ದಾರೆ. ಧೈರ್ಯ ಬರಲಿ, ಆಮೇಲೆ ಹೋಗುತ್ತೇನೆ ಎಂದು ಕಾಯುವವರಿಗೆ ಈ ಕ್ರಮ ತಿಳಿದಿರಬೇಕು.

ಅನನೀಯನಿಗೆ ಪ್ರತಿಫಲದ ಮಾತೇ ಇರಲಿಲ್ಲ. ನಿನಗೇನೂ ಆಗದು ಎಂಬ ಅಭಯವನ್ನು ಕೂಡ ಕರ್ತನು ಕೊಡಲಿಲ್ಲ. ಹೇಳಿದ್ದೆಲ್ಲ ಸೌಲನ ಕುರಿತು: ಅವನು ತನಗಾಗಿ ಆರಿಸಿಕೊಂಡ ಪಾತ್ರೆ, ತನ್ನ ಹೆಸರಿಗಾಗಿ ಅವನು ಬಹಳ ಬಾಧೆ ಪಡಬೇಕು ಎಂದು. ಅನನೀಯನ ನಾಳೆಯ ಬಗ್ಗೆ ಒಂದಕ್ಷರವಿಲ್ಲ. ಸೌಲನ ಕಣ್ಣಿನಿಂದ ಪೊರೆಯಂಥದ್ದು ಉದುರಿತು, ದೀಕ್ಷಾಸ್ನಾನವಾಯಿತು, ಊಟ ಮಾಡಿ ಚೇತರಿಸಿಕೊಂಡ. ಅಲ್ಲಿಂದಾಚೆ ಅನನೀಯನ ಸುದ್ದಿ ಇಲ್ಲ. ಸೌಲ ಮುಂದೆ ಎಷ್ಟು ದೂರ ನಡೆದ, ಎಷ್ಟು ಸಭೆಗಳನ್ನು ಕಟ್ಟಿದ, ಎಂಥ ಪತ್ರಗಳನ್ನು ಬರೆದ ಎಂದು ಅವನಿಗೆ ತಿಳಿಯಿತೋ ಇಲ್ಲವೋ.

ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದ ಮೇಲೆ, ಯೆರೂಸಲೇಮಿನಲ್ಲಿ ಗುಂಪೊಂದು ಪೌಲನನ್ನು ಕೊಲ್ಲಲು ಎಳೆದಾಡಿತು. ರೋಮನ್ ಸೈನಿಕರು ಅವನನ್ನು ಬಿಡಿಸಿ ತಮ್ಮ ಠಾಣ್ಯದತ್ತ ಒಯ್ದರು. ಅಲ್ಲಿನ ಮೆಟ್ಟಿಲ ಮೇಲೆ ನಿಂತು ಅವನು ಅದೇ ಗುಂಪಿಗೆ ತನ್ನ ಬದುಕಿನ ಕತೆ ಹೇಳಿದ. ಪ್ರಾಣದ ಆಸೆ ಇಲ್ಲದ ಆ ಹೊತ್ತಿನಲ್ಲಿ ಅನನೀಯನನ್ನು ಹೆಸರು ಹೇಳಿ ನೆನೆದ. ಧರ್ಮಶಾಸ್ತ್ರದಂತೆ ನಡೆಯುವ ದೈವಭಕ್ತ, ದಮಸ್ಕದ ಯೆಹೂದ್ಯರೆಲ್ಲರಿಂದ ಒಳ್ಳೆಯವನೆನಿಸಿಕೊಂಡವನು, ನನ್ನ ಬಳಿಗೆ ಬಂದು ನಿಂತು ಸಹೋದರನೇ ಎಂದು ಕರೆದ ಎಂದ. ಆ ಇಡೀ ಭಾಷಣದಲ್ಲಿ, ಅನನೀಯ ಬರಲು ಹೆದರಿದ್ದ ಎಂಬ ಮಾತೇ ಇಲ್ಲ.