ಶನಿವಾರದ ನಂಬಿಕೆ

ಅಪ್ಪನನ್ನು ಮಣ್ಣು ಮಾಡಿ ಬಂದ ಮರುದಿನ ಸಂಜೆ ಅಮ್ಮ ಎಂದಿನಂತೆ ಬತ್ತಿ ಹಚ್ಚಿ ಜಪಸರ ಕೈಗೆತ್ತಿಕೊಂಡಳು. ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಅದನ್ನು ತೇರ್ಸ್ ಎನ್ನುತ್ತೇವೆ. ಹತ್ತು ಮಣಿಗಳ ಐದು ಸುತ್ತು, ಮಣಿಗೊಂದು ನಮಾನ್ ಮರಿಯೆ ಪ್ರಾರ್ಥನೆ. ಮೂರನೆಯ ಸುತ್ತಿನ ನಡುವೆ ಅವಳ ದನಿ ನಿಂತಿತು. ಹೆಬ್ಬೆರಳು ಒಂದೇ ಮಣಿಯನ್ನು ತಡವುತ್ತಿತ್ತು. “ಇದು ಎಷ್ಟನೆಯದು?” ಎಂದು ಕೇಳಿದಳು. “ಏಳು” ಎಂದೆ. ಅವಳು ಎಂಟನೆಯದನ್ನು ಶುರುಮಾಡಿದಳು.

ಆ ದಿನಗಳಲ್ಲಿ ನನಗೆ ಪ್ರಾರ್ಥನೆ ಬೇಕಿರಲಿಲ್ಲ. ಅಮ್ಮನಿಗೋಸ್ಕರ ಪಕ್ಕದಲ್ಲಿ ಕುಳಿತಿದ್ದೆ, ಅಷ್ಟೆ. ಮನೆಗೆ ಬಂದವರೆಲ್ಲ ಒಂದೊಂದು ಸಮಾಧಾನ ಹೇಳಿ ಹೋಗುತ್ತಿದ್ದರು. ದೇವರ ಚಿತ್ತ ಎಂದರು ಕೆಲವರು. ಒಳ್ಳೆಯವರನ್ನು ಆತ ಬೇಗ ಕರೆದುಕೊಳ್ಳುತ್ತಾನೆ ಎಂದರು ಇನ್ನು ಕೆಲವರು. ಹಣೆಬರಹಕ್ಕೆ ಹೊಣೆ ಯಾರು ಎಂದರು ನೆರೆಮನೆಯವರು. ಯಾರ ಮಾತಿನಲ್ಲೂ ಕಪಟವಿರಲಿಲ್ಲ. ಆದರೂ ಪ್ರತಿಯೊಂದು ಮಾತೂ ಅಪ್ಪನ ಸಾವನ್ನು ಯಾವುದೋ ಖಾತೆಗೆ ಜಮಾ ಮಾಡಿ ಲೆಕ್ಕ ಮುಗಿಸಿದಂತೆ ಕೇಳಿಸುತ್ತಿತ್ತು. ಕ್ರಿಸ್ತನನ್ನು ನಂಬುವುದೆಂದರೆ ಬದುಕಿನಲ್ಲಿ ನಡೆದದ್ದಕ್ಕೆಲ್ಲ ಒಂದು ಅರ್ಥ ಮೊದಲೇ ಸಿದ್ಧವಿದೆ ಎಂದು ಒಪ್ಪುವುದೇ? ಈ ಪ್ರಶ್ನೆ ಅಂದು ಹಿಡಿದದ್ದು, ಇನ್ನೂ ಬಿಟ್ಟಿಲ್ಲ. ಒಪ್ಪಬೇಕಾಗಿಲ್ಲ ಎಂಬಲ್ಲಿಗೆ ಈಗ ಬಂದು ನಿಂತಿದ್ದೇನೆ.

ಅಂಥ ಸಮಾಧಾನವನ್ನು ಬೈಬಲ್ಲೇ ತಳ್ಳಿಹಾಕುತ್ತದೆ. ಯೋಬನ ಗ್ರಂಥವನ್ನು ನೋಡಿ. ಆಸ್ತಿ ಹೋಗಿ, ಹತ್ತು ಮಕ್ಕಳು ಸತ್ತು, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತವನ ಬಳಿಗೆ ಮೂವರು ಗೆಳೆಯರು ಬರುತ್ತಾರೆ. ಏಳು ದಿನ, ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂರುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಪಾಪ, ಶಿಕ್ಷೆ, ನ್ಯಾಯ ಎಂದು ಅವನ ಸಂಕಟಕ್ಕೆ ಕಾರಣ ಹೊಂದಿಸತೊಡಗುತ್ತಾರೆ. ಯೋಬ ಒಪ್ಪದೆ ದೇವರನ್ನೇ ವ್ಯಾಜ್ಯಕ್ಕೆ ಕರೆಯುತ್ತಾನೆ. ಕೊನೆಗೆ ದೇವರು ಸಿಟ್ಟಾಗುವುದು ತನ್ನ ಪರ ವಕಾಲತ್ತು ಮಾಡಿದ ಗೆಳೆಯರ ಮೇಲೆ. ತನ್ನ ವಿಷಯವಾಗಿ ಸರಿಯಾಗಿ ಮಾತಾಡಿದವನು ಯೋಬನೇ ಎನ್ನುತ್ತಾನೆ. ಅಷ್ಟಾದರೂ ಯೋಬನಿಗೆ ತನ್ನ ಕಷ್ಟದ ಕಾರಣ ತಿಳಿಯುವುದಿಲ್ಲ. ಬಿರುಗಾಳಿಯೊಳಗಿಂದ ಬಂದದ್ದು ಬರೀ ಪ್ರಶ್ನೆಗಳು. ತನ್ನ ಕೂಗು ಒಂದು ಕಿವಿಗೆ ಬಿದ್ದಿದೆ ಎಂಬುದು ಮಾತ್ರ ಅವನಿಗೆ ಖಾತ್ರಿಯಾಗುತ್ತದೆ.

‘ನಂಬು’ ಎಂಬ ಕ್ರಿಯಾಪದವನ್ನು ನಾವು ಎರಡು ರೀತಿ ಬಳಸುತ್ತೇವೆ. ‘ಈ ಸಲ ಮಳೆ ಚೆನ್ನಾಗಿ ಬರುತ್ತದೆಂದು ನಂಬಿದ್ದೇನೆ’ ಎಂದರೆ ಅದೊಂದು ಅಂದಾಜು. ಮಳೆ ಕೈಕೊಟ್ಟರೆ ಅಲ್ಲಿಗೆ ಮುಗಿಯಿತು. ‘ನಿನ್ನನ್ನೇ ನಂಬಿದ್ದೇನೆ’ ಎಂದಾಗ ನನ್ನನ್ನೇ ಒಬ್ಬರ ಕೈಗೆ ಒಪ್ಪಿಸಿರುತ್ತೇನೆ. ಅಲ್ಲಿ ಮಾಹಿತಿಗಿಂತ ಸಂಬಂಧ ದೊಡ್ಡದು. ಕನ್ನಡ ಬೈಬಲ್ಲಿನ ‘ನಂಬಿಗಸ್ತ’ ಎಂಬ ಹಳೆಯ ಪದ ಈ ಎರಡನೆಯ ಮನೆತನದ್ದು. ದೇವರಿಗೂ ಆ ಪದ ಸಲ್ಲುತ್ತದೆ, ಯೇಸು ಹೇಳಿದ ಕಥೆಯಲ್ಲಿ ಯಜಮಾನ ಒಪ್ಪಿಸಿಹೋದ ಹಣವನ್ನು ದುಡಿಸಿಟ್ಟ ಆಳಿಗೂ ಸಲ್ಲುತ್ತದೆ. ಯಜಮಾನ ಯಾವಾಗ ಬರುತ್ತಾನೋ ಆ ಆಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಮಾಡುತ್ತ ಹೋಗುವ ಆ ನಿಷ್ಠೆಯನ್ನೇ ನಾನು ವಿಶ್ವಾಸ ಎಂದು ಕರೆಯುತ್ತೇನೆ.

ಧರ್ಮವೆಂದರೆ ಮನುಷ್ಯನ ಹಂಬಲ ಹೆಣೆದ ಭ್ರಮೆ ಎಂದು ಫ್ರಾಯ್ಡ್ 1927ರಲ್ಲಿ ವಾದಿಸಿದ. ಅಪ್ಪನ ಆಸರೆಗೆ ಹಾತೊರೆಯುವ ಮಗು ಆಕಾಶದಲ್ಲೊಬ್ಬ ಅಪ್ಪನನ್ನು ಕಲ್ಪಿಸಿಕೊಳ್ಳುತ್ತದೆ ಎಂಬುದು ಅವನ ತರ್ಕ. ಅಪ್ಪನನ್ನು ಕಳೆದುಕೊಂಡ ನಾನು ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಹಂಬಲಿಸಿದ ಆಸರೆ ಸಿಗದೇ ಹೋದಾಗಲೂ ಉಳಿಯುವ ವಿಶ್ವಾಸವನ್ನು ಏನೆಂದು ಕರೆಯೋಣ? ಮದರ್ ತೆರೇಸಾ 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಒಂದು ಕರೆ ಕೇಳಿದರು. ಆ ಕರೆಯ ಜಾಡು ಹಿಡಿದು ಕಲ್ಕತ್ತೆಯ ಬೀದಿಗಿಳಿದ ಮೇಲೆ ಅವರೊಳಗೆ ಕತ್ತಲೆ ಕವಿಯಿತು. 1958ರಲ್ಲಿ ಕೆಲವು ವಾರ ತಿಳಿಯಾದದ್ದು ಬಿಟ್ಟರೆ, ಪ್ರಾರ್ಥನೆಗೆ ಕೂತರೆ ಎದುರಿಗೆ ಯಾರೂ ಇಲ್ಲದಂಥ ಶೂನ್ಯ ದಶಕಗಟ್ಟಲೆ ಅವರನ್ನು ಬಿಡಲಿಲ್ಲ. ಸುಟ್ಟುಬಿಡಿ ಎಂದು ಅವರು ಬೇಡಿಕೊಂಡಿದ್ದ ಪತ್ರಗಳು 2007ರಲ್ಲಿ ಪುಸ್ತಕವಾಗಿ ಹೊರಬಂದಾಗ ಜಗತ್ತಿಗೆ ಇದು ತಿಳಿಯಿತು. ಹಾಗಾದರೆ ಅವರಿಗೆ ದೇವರಲ್ಲಿ ನಂಬಿಕೆಯೇ ಇರಲಿಲ್ಲ ಎಂದವರುಂಟು. ವಿಶ್ವಾಸವೆಂದರೆ ಎದೆಯೊಳಗಿನ ಬೆಚ್ಚನೆಯ ಅನುಭವ ಎನ್ನುವುದಾದರೆ ಆ ಮಾತು ಸರಿಯೇ. ಆದರೆ ಆ ಎಲ್ಲ ವರ್ಷಗಳ ಪ್ರತಿ ಬೆಳಗ್ಗೆ ಅವರು ಎದ್ದು ಬಲಿಪೂಜೆಗೆ ಹೋದರು. ಸಾಯುತ್ತಿದ್ದವರ ಗಾಯ ತೊಳೆದರು. ಅಲ್ಲಿ ಹಂಬಲ ಈಡೇರಲಿಲ್ಲ. ಕೊಟ್ಟ ಮಾತು ಮಾತ್ರ ಉಳಿಯಿತು.

ತಪ್ಪು ಜಾಗದಲ್ಲಿಯೂ ಮನುಷ್ಯ ನಿಷ್ಠನಾಗಿರಬಲ್ಲ ಎಂಬ ಆಕ್ಷೇಪ ಫ್ರಾಯ್ಡನ ವಾದಕ್ಕಿಂತ ಗಟ್ಟಿಯಾದದ್ದು. ಒಬ್ಬ ನಾಯಕನಿಗೆ, ಒಂದು ದ್ವೇಷಕ್ಕೆ ಜೀವ ತೇಯ್ದವರಿದ್ದಾರೆ. ಶಿಲುಬೆ ಹೊತ್ತ ಧ್ವಜದ ಕೆಳಗೂ ಅಂಥ ಕೆಲಸ ನಡೆದಿದೆ. ಒರೆಗಲ್ಲು ಯಾವುದು? ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಅದು ಸಿಗುತ್ತದೆ. ಹಸಿದವರಿಗೆ ಉಣಬಡಿಸಿದವರು, ರೋಗಿಯ ಬಳಿಗೆ, ಸೆರೆಮನೆಗೆ ಹೋದವರು ಅಂತಿಮ ತೀರ್ಪಿನ ದಿನ ಕಕ್ಕಾಬಿಕ್ಕಿಯಾಗುತ್ತಾರೆ. ತಾವು ಯಾವಾಗ ದೇವರಿಗೆ ಉಣ್ಣಲಿಕ್ಕಿದೆವು ಎಂದು ಅವರಿಗೇ ಗೊತ್ತಿಲ್ಲ. ನನ್ನ ವಿಶ್ವಾಸ ನನ್ನನ್ನು ನೊಂದವರ ಬಾಗಿಲಿಗೆ ಒಯ್ಯುತ್ತಿದೆಯೋ, ಆ ಬಾಗಿಲು ದಾಟಿಸಿ ಮುಂದೆ ಸಾಗಿಸುತ್ತಿದೆಯೋ ಎಂಬುದೇ ಒರೆಗಲ್ಲು. ಆ ಜನ ಬದುಕಿನ ಅರ್ಥ ಹುಡುಕಿ ಹೊರಟವರಲ್ಲ. ಎದುರಿಗಿದ್ದ ಹಸಿವನ್ನು ಕಂಡರು, ಬಡಿಸಿದರು. ಅರ್ಥ ಅವರ ಬೆನ್ನ ಹಿಂದೆ ನಡೆದು ಬಂತು.

ಪವಿತ್ರ ವಾರದಲ್ಲಿ ಶುಕ್ರವಾರಕ್ಕೂ ಪಾಸ್ಖದ ಭಾನುವಾರಕ್ಕೂ ನಡುವೆ ಒಂದು ಶನಿವಾರವಿದೆ. ಅಂದು ಹಗಲೆಲ್ಲ ಬಲಿಪೂಜೆಯಿಲ್ಲ, ಗಂಟೆಯಿಲ್ಲ. ಬಲಿಪೀಠದ ಮೇಲೊಂದು ಬಟ್ಟೆಯೂ ಇಲ್ಲ. ಪರಮಪ್ರಸಾದವಿಡುವ ಪುಟ್ಟ ಪೆಟ್ಟಿಗೆಯ ಬಾಗಿಲು ತೆರೆದಿರುತ್ತದೆ; ಒಳಗೆ ಏನೂ ಇರುವುದಿಲ್ಲ. ಚಿಕ್ಕಂದಿನಲ್ಲಿ ಆ ಖಾಲಿ ಪೆಟ್ಟಿಗೆ ನೋಡಿ ಹೆದರಿದ್ದೆ. ಈಗ ಅನ್ನಿಸುತ್ತದೆ, ನಮ್ಮ ಆಯುಷ್ಯದ ಬಹುಪಾಲು ಆ ಶನಿವಾರವೇ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕಟ್ಟಕಡೆಗೆ ಬರುತ್ತದೆ. ಬರುವವನು ಬಂದನೋ ಬರಲಿಲ್ಲವೋ ಎಂಬುದು ಕೊನೆಯ ಪದದವರೆಗೆ ಗೊತ್ತಾಗುವುದಿಲ್ಲ. ಕ್ರೈಸ್ತರು ಆ ಕೊನೆಯ ಪದ ಪುನರುತ್ಥಾನ ಎನ್ನುತ್ತಾರೆ. ನಾನೂ ಅದನ್ನೇ ನೆಚ್ಚಿದ್ದೇನೆ. ಆದರೆ ಅದನ್ನು ಈಗಲೇ ಕೇಳಿಸಿಕೊಂಡವನಂತೆ ಮಾತಾಡುವ ಹಕ್ಕು ನನಗಿಲ್ಲ, ಸಾವಿನ ಮನೆಯಲ್ಲಂತೂ ಇಲ್ಲವೇ ಇಲ್ಲ. ಅಲ್ಲಿ ನಾನು ಮಾಡಬಹುದಾದದ್ದು ಯೋಬನ ಗೆಳೆಯರು ಮೊದಲ ಏಳು ದಿನ ಮಾಡಿದ್ದನ್ನು.

ಆ ಸಂಜೆ ನಾನು ಪ್ರಾರ್ಥಿಸುತ್ತಿಲ್ಲ ಎಂದೇ ತಿಳಿದಿದ್ದೆ. ತುಟಿಯೂ ಅಲುಗಿರಲಿಲ್ಲ. ಆದರೂ ಅಮ್ಮ ಕೇಳಿದ ಕೂಡಲೇ ‘ಏಳು’ ಎಂಬುದು ಬಾಯಿಗೆ ಬಂತು. ಅವಳಿಗೆ ತಪ್ಪಿದ ಎಣಿಕೆ ಅಷ್ಟು ಹೊತ್ತೂ ನನ್ನಲ್ಲಿ ನಡೆದೇ ಇತ್ತು.